ಮಳೆ ಬಂದರೆ ಮಿಸ್ಸಿಂಗ್, ಮಧ್ಯಾಹ್ನ ಸರಿ: ಹಳೆ ಕಾರಿನ ಇಸಿಯು ಬದಲಿಸುವ ಮೊದಲು ವೈಪರ್ ಕೆಳಗೆ ನೋಡಿ

ಪ್ರಶ್ನೆ: ಸರ್, ನನ್ನದು 2005ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್. ಊರು ತೀರ್ಥಹಳ್ಳಿ ಹತ್ತಿರ. ಶೆಡ್ ಇಲ್ಲ, ಹಲಸಿನ ಮರದ ಕೆಳಗೆ ನಿಲ್ಲಿಸುತ್ತೇನೆ. ಆರಿದ್ರೆ ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ ಮಿಸ್ ಹೊಡೆಯುತ್ತದೆ, ಗಾಡಿ ಜಗ್ಗುತ್ತದೆ, ಇಂಜಿನ್ ಲೈಟ್ ಬರುತ್ತದೆ. ಮಳೆ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಎಡಗಡೆ ಮುಂದಿನ ಮ್ಯಾಟ್ ಯಾವಾಗಲೂ ಒದ್ದೆ. ಬೇಸಿಗೆಯಲ್ಲಿ ಫಾಗ್ ಲೈಟ್ ಮತ್ತು ಹೊಸ ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದೆ. ಮೆಕ್ಯಾನಿಕ್ ಪ್ಲಗ್ ಬದಲಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು. ಈಗ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ, ಸೆಕೆಂಡ್ ಹ್ಯಾಂಡ್ ಒಂದು ಹುಡುಕೋಣ ಎನ್ನುತ್ತಿದ್ದಾರೆ. ಹಾಕಿಸಲೋ ಬೇಡವೋ?

ಉತ್ತರ: ಸದ್ಯಕ್ಕೆ ಬೇಡ. ಇಸಿಯು ಕೆಟ್ಟಿರಲಿಕ್ಕೇ ಸಾಧ್ಯವಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ನೀರು ಬರುವ ದಾರಿ ಹಾಗೇ ಇರುವಾಗ ಬೇರೆ ಇಸಿಯು ಹಾಕಿದರೆ, ಅದಕ್ಕೂ ಇದೇ ಗತಿ.

ನೀವು ಬರೆದದ್ದರಲ್ಲೇ ಬೇಕಾದಷ್ಟು ಸುಳಿವು ಇದೆ. ಮಧ್ಯಾಹ್ನಕ್ಕೆ ಗಾಡಿ ಸರಿಯಾಗುತ್ತದೆ. ಸುಟ್ಟುಹೋದ ಸರ್ಕ್ಯೂಟ್ ಒಣಗಿದರೆ ಸರಿಯಾಗುವುದಿಲ್ಲ, ಪಸೆ ಹಿಡಿದ ವೈರು, ವೈರ್ ಜೋಡಿಸುವ ಕಪ್ಲರ್ ಸರಿಯಾಗುತ್ತವೆ. ಒದ್ದೆಯಾಗುವುದು ಎಡಗಡೆ. ನಮ್ಮ ದೇಶದ ಕಾರುಗಳಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಬ್ಲೋವರ್ ಸಾಮಾನ್ಯವಾಗಿ ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ ಕೂತಿರುತ್ತದೆ. ಇನ್ನು ಗಾಡಿ ನಿಲ್ಲುವುದು ಹಲಸಿನ ಮರದ ಕೆಳಗೆ. ಈ ಮೂರನ್ನೂ ಸೇರಿಸಿದರೆ ನನ್ನ ಮೊದಲ ಅನುಮಾನ ಹೋಗುವುದು ಗಾಜಿನ ಬುಡದಲ್ಲಿ, ವೈಪರ್ ಕೆಳಗೆ ಇರುವ ತೊಟ್ಟಿಯ ಮೇಲೆ. ಅದಕ್ಕೆ ಕೌಲ್ ಎನ್ನುತ್ತಾರೆ. ಕಾರಿನ ಮಾಡೆಲ್ ಯಾವುದು ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ಆ ವಯಸ್ಸಿನ ಹೆಚ್ಚುಕಡಿಮೆ ಎಲ್ಲ ಗಾಡಿಗೂ ಇದು ಇದ್ದದ್ದೇ.

ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಒಳಗಿರುವುದು ಮಳೆ ನೀರೇ ಹೌದಾ? ಮಳೆ ಇಲ್ಲದ ದಿನ ಎಸಿ ಹಾಕಿ ಓಡಿಸಿದಾಗಲೂ ಮ್ಯಾಟ್ ಒದ್ದೆಯಾದರೆ ಅದು ಎಸಿ ನೀರು. ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡರೆ ಆ ನೀರು ರಸ್ತೆಗೆ ಬೀಳುವ ಬದಲು ಒಳಗೆ ಬೀಳುತ್ತದೆ. ಬೆರಳಿಗೆ ಜಿಡ್ಡು ಹತ್ತಿ, ಸಿಹಿ ಸಿಹಿ ವಾಸನೆ ಬಂದು, ಗಾಜಿಗೆ ಒಳಗಿನಿಂದ ಜಿಡ್ಡಿನ ಮಂಜು ಕೂರುತ್ತಿದ್ದರೆ ಅದು ಹೀಟರಿನಿಂದ ಸೋರುವ ಕೂಲೆಂಟ್. ಆಗ ಕತೆಯೇ ಬೇರೆ, ರೇಡಿಯೇಟರ್ ನೀರಿನ ಮಟ್ಟ ಕಡಿಮೆಯಾಗುತ್ತಿದೆಯಾ ಎಂದು ನೋಡಬೇಕು. ಎರಡೂ ಅಲ್ಲ, ಬರೀ ಮುಗ್ಗು ವಾಸನೆಯ ನೀರು ಎಂದಾದರೆ ಮಳೆಯದ್ದೇ.

ಈಗ ಕೌಲ್ ವಿಷಯಕ್ಕೆ ಬರೋಣ. ಗಾಜಿನ ಮೇಲೆ ಬಿದ್ದ ನೀರೆಲ್ಲ ಇಳಿದು ಹೋಗುವುದು ವೈಪರ್ ಕೆಳಗಿನ ಜಾಲರಿಯೊಳಗೆ. ಅದರ ಅಡಿಯಲ್ಲಿ ತಗಡಿನ ಒಂದು ತೊಟ್ಟಿ ಇದೆ. ಅದರ ಎರಡು ತುದಿಯಲ್ಲಿ ಡ್ರೈನ್ ತೂತು ಇರುತ್ತವೆ. ನೀರು ಅಲ್ಲಿಂದ ಇಳಿದು ಮುಂದಿನ ಚಕ್ರದ ಹಿಂಭಾಗದಲ್ಲಿ ನೆಲಕ್ಕೆ ಬೀಳಬೇಕು. ಬ್ಲೋವರ್ ಹೊರಗಿನ ಗಾಳಿ ಎಳೆದುಕೊಳ್ಳುವುದೂ ಇದೇ ತೊಟ್ಟಿಯಿಂದ. ಅದಕ್ಕೆ ಒಂದು ಬಾಯಿ ಇದೆ, ಬಾಯಿಯ ಸುತ್ತ ಸ್ವಲ್ಪ ಎತ್ತರದ ಕಟ್ಟೆ ಇದೆ. ಡ್ರೈನ್ ಸರಿಯಿದ್ದರೆ ನೀರು ಆ ಕಟ್ಟೆಯವರೆಗೆ ಏರುವುದೇ ಇಲ್ಲ. ಹಲಸಿನ ಎಲೆ, ತೊಟ್ಟು, ಧೂಳು ಎಲ್ಲ ಸೇರಿ ಕೊಳೆತು ಕಪ್ಪು ರಾಡಿಯಾಗಿ ಡ್ರೈನ್ ಮುಚ್ಚಿದರೆ ತೊಟ್ಟಿ ತುಂಬುತ್ತದೆ. ತುಂಬಿದ ನೀರು ಕಟ್ಟೆ ದಾಟಿ ಬ್ಲೋವರ್ ಒಳಗೆ, ಅಲ್ಲಿಂದ ಎಡಗಡೆ ಮ್ಯಾಟಿಗೆ. ಬ್ಲೋವರ್ ಹಾಕಿದಾಗ ಒಳಗೆ ನೀರು ಚಿಮ್ಮಿದ ಶಬ್ದ ಬರುತ್ತದೆಯಾ? ಅಥವಾ ಬ್ಲೋವರ್ ಬರೀ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆಯಾ? ಹಾಗಿದ್ದರೆ ನನ್ನ ಅನುಮಾನ ಇನ್ನೂ ಗಟ್ಟಿ. ಸ್ಪೀಡ್ ಕಡಿಮೆ ಮಾಡುವ ರೆಸಿಸ್ಟರ್ ಅಲ್ಲೇ ಪಕ್ಕದಲ್ಲಿ ಇರುವುದರಿಂದ ನೀರಿಗೆ ಮೊದಲು ಸಾಯುವುದು ಅದೇ. ಹಲವು ಹಳೆಯ ಕಾರುಗಳಲ್ಲಿ ಇಸಿಯು ಕೂಡ ಇದೇ ಆಸುಪಾಸಿನಲ್ಲಿ, ಡ್ಯಾಶ್‌ಬೋರ್ಡ್ ಕೆಳಗೆ ಇರುತ್ತದೆ.

ಇದು ಒಳಗಿನ ನೀರಿನ ಮಾತು. ಮಿಸ್ಸಿಂಗಿಗೆ ಕಾರಣ ಬಹುಶಃ ಹೊರಗಿನ ನೀರು. ಆದರೆ ಅದೂ ಇದೇ ತೊಟ್ಟಿಯಿಂದ ಬರುತ್ತದೆ. ಕೌಲಿನ ಮುಂದಿನ ಅಂಚಿಗೆ, ಬಾನೆಟ್ ಬಂದು ಕೂರುವ ಜಾಗದಲ್ಲಿ, ಒಂದು ಉದ್ದನೆಯ ರಬ್ಬರ್ ಬೀಡಿಂಗ್ ಇರುತ್ತದೆ. ನೀರು ಇಂಜಿನ್ ಕಡೆ ಬೀಳದಂತೆ ತಡೆಯುವುದು ಅದರ ಕೆಲಸ. ಇಪ್ಪತ್ತು ವರ್ಷದ ಗಾಡಿಯಲ್ಲಿ ಅದು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಇಲ್ಲವೇ ಯಾರೋ ಬಿಚ್ಚಿದವರು ವಾಪಸ್ ಹಾಕಿರುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಅರ್ಧವೇ ಇರುತ್ತದೆ! ಅಲ್ಲಿಂದ ತೊಟ್ಟಿಕ್ಕಿದ ನೀರು ನೇರ ಇಂಜಿನ್ ಮೇಲೆ, ಪ್ಲಗ್ ಕೇಬಲ್ ಮತ್ತು ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಮೇಲೆ ಬೀಳುತ್ತದೆ.

ಪ್ಲಗ್ಗಿಗೆ ಹೋಗುವ ಕರೆಂಟ್ 20,000 ವೋಲ್ಟಿಗೂ ಮೇಲೆ. ಕೇಬಲಿನ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಅದರ ಮೇಲೆ ನೀರಿನ ಪಸೆ ಇದ್ದರೆ, ಸ್ಪಾರ್ಕ್ ಪ್ಲಗ್ಗಿನ ತುದಿವರೆಗೆ ಹೋಗುವ ಕಷ್ಟ ಯಾಕೆ ಎಂದು ಅಲ್ಲೇ ಇಂಜಿನ್ ಬ್ಲಾಕಿಗೆ ಹಾರುತ್ತದೆ. ಆ ಸಿಲಿಂಡರ್ ಉರಿಯುವುದಿಲ್ಲ, ಗಾಡಿ ಜಗ್ಗುತ್ತದೆ. ಇಂಜಿನ್ ಬಿಸಿಯಾಗಿ ಒಣಗಿದ ಮೇಲೆ ಎಲ್ಲ ಸರಿ. ನಿಮ್ಮ ಗಾಡಿ ಮಾಡುತ್ತಿರುವುದು ಇದನ್ನೇ, ಅಲ್ವಾ? ಪ್ಲಗ್ ಬದಲಿಸಿದ್ದಾರೆ ಎಂದಿರಿ. ಕೇಬಲ್ ಬದಲಿಸಿದ್ದಾರಾ? ಬಿಲ್ಲಿನಲ್ಲಿ ನೋಡಿ.

ಕೇಬಲ್ ಪರೀಕ್ಷೆಗೆ ಹಳೆಯ ಮೆಕ್ಯಾನಿಕ್‌ಗಳ ಒಂದು ಉಪಾಯ ಇದೆ. ನನಗೆ ಈಗಲೂ ಅದೇ ಇಷ್ಟ. ರಾತ್ರಿ, ಲೈಟ್ ಆರಿಸಿ, ಬಾನೆಟ್ ಎತ್ತಿ ಇಂಜಿನ್ ಐಡ್ಲಿಂಗಿನಲ್ಲಿ ಬಿಡಿ. ಗಿಡಕ್ಕೆ ಔಷಧಿ ಹೊಡೆಯುವ ಸಣ್ಣ ಕೈ ಸ್ಪ್ರೇಯರಿನಲ್ಲಿ ಶುದ್ಧ ನೀರು ತುಂಬಿ ಕೇಬಲ್‌ಗಳ ಮೇಲೆ ಮಂಜಿನ ಹಾಗೆ ಸ್ವಲ್ಪ ಹೊಡೆಯಿರಿ. ಸೋರುವ ಕೇಬಲ್ ಇದ್ದರೆ ನೀಲಿ ಕಿಡಿ ಪಟಪಟ ಎಂದು ಹಾರುವುದು ಕಣ್ಣಿಗೇ ಕಾಣುತ್ತದೆ. ಇಂಜಿನ್ ಶಬ್ದವೂ ತಕ್ಷಣ ಬದಲಾಗುತ್ತದೆ. ಕೈ ಮಾತ್ರ ದೂರ ಇರಲಿ, ಸಡಿಲ ತೋಳಿನ ಅಂಗಿ ಬೇಡ, ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆಯ ಹತ್ತಿರವೂ ಬರಬಾರದು.

ಮರುದಿನ ಇಂಜಿನ್ ತಣ್ಣಗಿರುವಾಗ ಒಂದೊಂದೇ ಕೇಬಲ್ ತೆಗೆದು ನೋಡಿ. ರಬ್ಬರ್ ಟೋಪಿಯ ಒಳಗೆ ಅಥವಾ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಬೂದು ಬಣ್ಣದ ಸಣ್ಣ ಗೆರೆ ಇದ್ದರೆ ಅದು ಸ್ಪಾರ್ಕ್ ಹರಿದ ಗುರುತು. ಒರೆಸಿದರೆ ಹೋಗುವುದಿಲ್ಲ. ಆ ಕೇಬಲ್ ಮತ್ತು ಪ್ಲಗ್ ಎರಡನ್ನೂ ಬದಲಿಸಬೇಕು, ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಮೀಟರಿನಲ್ಲಿ ನಾಲ್ಕೂ ಕೇಬಲಿನ ಓಮ್ಸ್ ಅಳೆದು ಹೋಲಿಸಿ. ಉದ್ದಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಒಂದು ಮಾತ್ರ ಗುಂಪಿನಿಂದ ತೀರಾ ದೂರ ಇದ್ದರೆ ಅದು ಹೋಗಿದೆ ಎಂದೇ ಅರ್ಥ. ಕೆಲವು ಇಂಜಿನ್‌ಗಳಲ್ಲಿ ಪ್ಲಗ್ ಆಳದ ಗುಂಡಿಯಲ್ಲಿ ಕೂರುತ್ತದೆ. ಅಲ್ಲಿ ನೀರು ನಿಂತಿದ್ದರೆ ಪ್ಲಗ್ ಬಿಚ್ಚುವ ಮೊದಲು ಏರ್ ಹೊಡೆದು ಒಣಗಿಸಿ, ಇಲ್ಲದಿದ್ದರೆ ನೀರು ಸಿಲಿಂಡರ್ ಒಳಗೆ ಇಳಿಯುತ್ತದೆ. ವಾಪಸ್ ಹಾಕುವಾಗ ರಬ್ಬರ್ ಟೋಪಿಯ ಒಳ ಅಂಚಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ಅದು ರಬ್ಬರನ್ನು ತಿನ್ನುತ್ತದೆ.

ಡಬ್ಲ್ಯೂಡಿ-40 ತರಹದ ಸ್ಪ್ರೇ ಹೊಡೆದರೆ ಆ ಬೆಳಿಗ್ಗೆ ಗಾಡಿ ಓಡುತ್ತದೆ, ನಿಜ. ದಾರಿಯಲ್ಲಿ ನಿಂತಾಗ ಕೈಗೆ ಬರುವ ಸಾಮಾನು ಅದು. ಆದರೆ ಬಿರುಕು ಹಾಗೇ ಇರುತ್ತದೆ. ಬಿಸಿ ಇಂಜಿನ್ ಮೇಲೆ ಹೊಡೆಯಬೇಡಿ, ಬೆಂಕಿ ಹತ್ತುವ ವಸ್ತು. ಹಳೆಯ ಕಾರ್ಬೊರೇಟರ್ ಮಾರುತಿ 800 ಇಟ್ಟುಕೊಂಡವರಿಗೂ ಇದೇ ಮಾತು. ಅವರಿಗೆ ಕೇಬಲ್ ಜೊತೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಕೂಡ ಇದೆ. ಕ್ಯಾಪ್ ಒಳಗೆ ಪಸೆ ಹಿಡಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಬಿರುಕು ಕಂಡರೆ ಕ್ಯಾಪನ್ನೇ ಬದಲಿಸಿ.

ಕೌಲ್ ಕ್ಲೀನ್ ಮಾಡುವುದು ಅರ್ಧ ದಿನದ ಕೆಲಸ. ವೈಪರ್ ಕೈ ಬಿಚ್ಚಬೇಕು, ಜಾಲರಿ ತೆಗೆಯಬೇಕು. ಹಳೆಯ ಪ್ಲಾಸ್ಟಿಕ್ ಕ್ಲಿಪ್‌ಗಳು ಖಂಡಿತ ಮುರಿಯುತ್ತವೆ, ಮೊದಲೇ ಒಂದಷ್ಟು ತಂದಿಟ್ಟುಕೊಳ್ಳಿ. ರಾಡಿಯನ್ನು ಕೈಯಲ್ಲೇ ಬಾಚಿ ತೆಗೆಯಿರಿ. ನೀರು ಬಿಟ್ಟು ತಳ್ಳಿದರೆ ಅದು ಡ್ರೈನಿಗೇ ಹೋಗಿ ಕೂರುತ್ತದೆ. ತೂತಿನಲ್ಲಿ ಕಬ್ಬಿಣದ ತಂತಿ ತುರುಕಬೇಡಿ, ಜೋರಾಗಿ ಏರ್ ಕೂಡ ಹೊಡೆಯಬೇಡಿ. ಕೆಲವು ಗಾಡಿಗಳಲ್ಲಿ ಅಲ್ಲಿ ರಬ್ಬರ್ ಪೈಪ್ ಇರುತ್ತದೆ, ಅದು ಒಳಗೇ ಕಳಚಿಕೊಂಡರೆ ಮತ್ತೊಂದು ರಗಳೆ. ಮೆತ್ತನೆಯ ಪ್ಲಾಸ್ಟಿಕ್ ನಳಿಗೆ ಸಾಕು. ಆಮೇಲೆ ಎರಡೂ ತುದಿಗೆ ಒಂದೊಂದು ಚೊಂಬು ನೀರು ಹೊಯ್ಯಿರಿ. ಕೆಳಗೆ ಚಕ್ರದ ಹಿಂದೆ ತಡವಿಲ್ಲದೆ ಧಾರಾಳವಾಗಿ ಬೀಳಬೇಕು. ತೊಟ್ಟಿ ಖಾಲಿ ಇರುವಾಗಲೇ ಮೂಲೆಗಳಲ್ಲಿ ತಗಡು ಜೋಡಿಸಿದ ಗೆರೆ ನೋಡಿ. ತುಕ್ಕು ಹಿಡಿದು ತೂತಾಗಿದ್ದರೆ ಟಿಂಕರ್ ಹತ್ತಿರ ಹೋಗಲೇಬೇಕು, ಎಂಸೀಲ್ ಮೆತ್ತಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ.

ಈ ತೊಟ್ಟಿ ಎಷ್ಟು ಕಿತಾಪತಿ ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ. 1990ರ ದಶಕದ ಕೊನೆಯ ಫೋಕ್ಸ್‌ವ್ಯಾಗನ್ ಪಸಾಟ್, ಔಡಿ ಎ4 ಕಾರುಗಳಲ್ಲಿ ಬ್ಯಾಟರಿ ಕೂರುವುದು ಇದೇ ತೊಟ್ಟಿಯಲ್ಲಿ, ಬ್ಯಾಟರಿಯ ಅಡಿಯಲ್ಲೇ ಡ್ರೈನ್. ಅದು ಕಟ್ಟಿಕೊಂಡರೆ ನೀರು ಏರಿ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಒಳಗೂ ಹೋಗುತ್ತದೆ. ಬೂಸ್ಟರಿಗೆ ಇಂಜಿನ್ನಿನ ವ್ಯಾಕ್ಯೂಮ್ ಪೈಪ್ ಇದೆಯಲ್ಲ, ಇಂಜಿನ್ ಆ ನೀರನ್ನು ಹೀರಿಕೊಂಡು ಗಡಗಡ ಎನ್ನುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ. ಎಲ್ಲಕ್ಕೂ ಮೂಲ ಒಂದು ಹಿಡಿ ಎಲೆ.

ಕೌಲ್ ಸ್ವಚ್ಛವಾಗಿದ್ದೂ ಮ್ಯಾಟ್ ಒದ್ದೆಯಾದರೆ ಆಗ ಹುಡುಕಾಟ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಂಚು ಒಡೆದ ಜಾಗ ಒಂದು, ನೀರು ರೀಪು ಹಿಡಿದು ಬಂದು ಬೀಳುವ ಜಾಗ ಇನ್ನೊಂದು. ಮ್ಯಾಟ್, ಕಾರ್ಪೆಟ್ ಎತ್ತಿ, ಪಕ್ಕದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಮಲಗಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡ, ಅದು ಸೋರದ ಕಡೆಯಲ್ಲೂ ಸೋರಿಸುತ್ತದೆ. ಕೆಳಗಿನಿಂದ ಶುರು ಮಾಡಿ: ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಕೌಲ್, ಆಮೇಲೆ ಗಾಜಿನ ಅಂಚು, ಕೊನೆಗೆ ಮೇಲ್ಛಾವಣಿ. ಒಂದೊಂದು ಕಡೆ ನಾಲ್ಕೈದು ನಿಮಿಷ. ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಇಳಿದು ಏನೂ ಗೊತ್ತಾಗುವುದಿಲ್ಲ. ತಗಡಿನ ಮೇಲೆ ಮೊದಲೇ ಟಾಲ್ಕಂ ಪೌಡರ್ ಉದುರಿಸಿಟ್ಟರೆ ನೀರು ಹರಿದ ಗೆರೆ ಸ್ಪಷ್ಟವಾಗಿ ಮೂಡುತ್ತದೆ.

ನಿಮ್ಮ ಗಾಡಿಯಲ್ಲಿ ನಾನು ವಿಶೇಷವಾಗಿ ನೋಡುವುದು ಆ ಫಾಗ್ ಲೈಟಿನ ವೈರ್. ಇಂಜಿನ್ ಕಡೆಯಿಂದ ಒಳಗೆ ವೈರ್ ತರಲು ಇರುವ ರಬ್ಬರ್ ಗ್ರೋಮೆಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿ, ಅಲ್ಲೇ ತೂರಿಸಿ, ಹಾಗೇ ಬಿಟ್ಟಿರುತ್ತಾರೆ. ನೀರು ವೈರನ್ನೇ ಹಿಡಿದುಕೊಂಡು ಒಳಗೆ ನಡೆಯುತ್ತದೆ. ವೈರ್ ಒಳಗೆ ಹೋಗುವ ಮೊದಲು ಕೆಳಕ್ಕೆ ಇಳಿದು ಮತ್ತೆ ಮೇಲೆ ಬರುವಂತೆ ಒಂದು ಕೊಕ್ಕೆ ಬಿಟ್ಟು ಕಟ್ಟಿದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮ್ಯೂಸಿಕ್ ಸಿಸ್ಟಮ್ ಜೊತೆ ಬಾಗಿಲಿಗೆ ಸ್ಪೀಕರ್ ಹಾಕಿದ್ದರೆ ಅದೂ ಅನುಮಾನದ ಪಟ್ಟಿಗೆ. ಬಾಗಿಲಿನ ಒಳಗೆ ಮಳೆ ನೀರು ಇಳಿಯುವುದು ಸಹಜ. ಗಾಜಿನ ಪಕ್ಕದಿಂದ ಇಳಿದು ಅಡಿಯ ತೂತಿನಿಂದ ಹೊರಹೋಗುತ್ತದೆ. ಅದು ಕ್ಯಾಬಿನ್ ಕಡೆ ಬರದಂತೆ ಬಾಗಿಲಿನ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಹಾಕುವವರು ಅದನ್ನು ಹರಿದು ಬಿಸಾಡುವುದು ತೀರಾ ಮಾಮೂಲು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬ್ಯೂಟೈಲ್ ಟೇಪಿನಲ್ಲಿ ಅಂಟಿಸಿ, ಕೆಳಗಿನ ಅಂಚನ್ನು ಬಾಗಿಲಿನ ಒಳಕ್ಕೆ ಸಿಗಿಸಿದರೆ ಆಯಿತು.

ಮುಚ್ಚಲು ಏನು ಬಳಸುವುದು ಎಂಬುದರಲ್ಲೂ ಜನ ಎಡವುತ್ತಾರೆ. ಬಚ್ಚಲು ಮನೆಗೆ ಹಾಕುವ, ವಿನೆಗರ್ ವಾಸನೆ ಬರುವ ಸಿಲಿಕಾನ್ ಕಾರಿಗೆ ಬೇಡವೇ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಗಾಜಿಗೆ, ತಗಡಿನ ಜಾಯಿಂಟಿಗೆ ಪಾಲಿಯುರೆಥೇನ್ ಸೀಲೆಂಟ್ ಹಾಕಿಸಿ. ಜಾಗ ಪೂರ್ತಿ ಒಣಗಿರಬೇಕು. ಹಾಗಾಗಿ ಈ ಕೆಲಸಕ್ಕೆ ಮಳೆ ಬಿಡುವು ಕೊಡುವ ದಿನ ನೋಡಿ, ಇಲ್ಲವೇ ಯಾರದ್ದಾದರೂ ಶೆಡ್ ಕೇಳಿ.

ದಾರಿ ಮುಚ್ಚಿದ ಮೇಲೆ ಒಣಗಿಸುವುದು. ಮೇಲೆ ಕಾರ್ಪೆಟ್ ಒಣಗಿದಂತೆ ಕಂಡರೂ ಅದರ ಕೆಳಗಿನ ಸ್ಪಂಜು, ನಾರಿನ ಪದರ ಲೀಟರ್‌ಗಟ್ಟಲೆ ನೀರು ಕುಡಿದು ಕೂತಿರುತ್ತದೆ. ಸೀಟು ಬಿಚ್ಚಿ ಅದನ್ನು ಹೊರಗೆ ತೆಗೆಯಲೇಬೇಕು. ನಿಮ್ಮ ಕಡೆ ಈಗ ಬಿಸಿಲು ಕೇಳುವುದೇ ತಪ್ಪು, ಪುನರ್ವಸು, ಪುಷ್ಯ ಇನ್ನೂ ಬಾಕಿ ಇವೆ! ಟೇಬಲ್ ಫ್ಯಾನ್ ಮುಂದೆ ನಿಲ್ಲಿಸಿ. ಮನೆಯಲ್ಲಿ ಅಡಿಕೆ ಡ್ರೈಯರ್ ಇದ್ದರೆ ಅದು ಈ ತಿಂಗಳು ಹೇಗೂ ಖಾಲಿ, ಕಡಿಮೆ ಬಿಸಿಯಲ್ಲಿ ನಡೆಯುತ್ತದೆ. ಬಚ್ಚಲೊಲೆ ಮೇಲೆ ಹರಡಬೇಡಿ, ಸ್ಪಂಜಿಗೆ ಬೆಂಕಿ ಹಿಡಿಯುವುದು ಸುಲಭ. ನೆಲದ ತಗಡು ಬರಿದಾಗಿರುವಾಗಲೇ ತುಕ್ಕು ಉಜ್ಜಿ ಪ್ರೈಮರ್ ಬಳಿದುಬಿಡಿ.

ಇನ್ನು ನಿಮ್ಮ ಇಸಿಯು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಇಸಿಯುವಿನ ಕಪ್ಲರ್ ತೆಗೆಯಿರಿ. ಪಿನ್ನುಗಳ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಇದೆಯಾ? ಇದ್ದರೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತನೆಯ ಬ್ರಷ್ಷಿನಲ್ಲಿ ತಿಕ್ಕಿ, ಪೂರ್ತಿ ಒಣಗಲು ಬಿಡಿ. ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ, ಪಿನ್ನಿನ ಲೇಪ ಹೋದರೆ ಕಿಲುಬು ಇನ್ನೂ ಬೇಗ ಬರುತ್ತದೆ. ಪೆಟ್ಟಿಗೆಯೊಳಗೇ ನೀರು ಹೋದ ಗುರುತಿದ್ದರೆ ಬೋರ್ಡ್ ರಿಪೇರಿ ಮಾಡುವವರ ಬಳಿ ಕೊಡಿ. ಎಷ್ಟೋ ಬೋರ್ಡುಗಳು ತೊಳೆದು, ಒಂದೆರಡು ಬೆಸುಗೆ ಹಾಕಿದರೆ ಬದುಕುತ್ತವೆ. ಸೆಕೆಂಡ್ ಹ್ಯಾಂಡ್ ಇಸಿಯು ಕೊಳ್ಳುವ ಮೊದಲು ನಿಮ್ಮ ಗಾಡಿಯ ಕೀಲಿಯಲ್ಲಿ ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯಾ ಎಂದು ಕೇಳಿ. ಇದ್ದರೆ ಬೇರೆ ಗಾಡಿಯ ಇಸಿಯು ನಿಮ್ಮ ಕೀಲಿಯನ್ನು ಒಪ್ಪುವುದಿಲ್ಲ. ಅದನ್ನು ಹೊಂದಿಸಲು ಮತ್ತೆ ಖರ್ಚು. ಹಾಗೇ ಬ್ಯಾಟರಿಯಿಂದ ಬಾಡಿಗೆ, ಇಂಜಿನ್ನಿಗೆ ಹೋಗುವ ಅರ್ತ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿ ಹಾಕಿ. ಇಂಜಿನ್ ಓಡುವಾಗ, ಹೆಡ್ ಲೈಟ್ ಮತ್ತು ಬ್ಲೋವರ್ ಹಾಕಿಟ್ಟು, ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ ಬ್ಲಾಕಿಗೂ ನಡುವೆ ಮೀಟರ್ ಹಿಡಿದರೆ 0.2 ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ಅರ್ತ್ ಕೆಟ್ಟರೆ ಇಸಿಯು ಹುಚ್ಚುಚ್ಚಾಗಿ ಆಡುತ್ತದೆ, ಸುಮ್ನೆ ಅದರ ಮೇಲೆ ತಪ್ಪು ಹೊರಿಸುತ್ತೇವೆ.

ಒಂದು ಮಾತು ಪೆಟ್ರೋಲ್ ಬಗ್ಗೆ. ಮಧ್ಯಾಹ್ನ ಆದರೂ ಮಿಸ್ಸಿಂಗ್ ಹೋಗದೆ, ಎರಡು ದಿನ ಒಣಗಿದರೂ ಹಾಗೇ ಇದ್ದರೆ ಟ್ಯಾಂಕಿಗೆ ನೀರು ಇಳಿದಿರಬಹುದು. ಪೆಟ್ರೋಲ್ ಹಾಕುವ ಬಾಯಿಯ ಸುತ್ತ ನೀರು ಹೋಗಲು ಒಂದು ಸಣ್ಣ ತೂತಿದೆ, ಅದು ಕಟ್ಟಿಕೊಂಡು ಮುಚ್ಚಳದ ರಬ್ಬರ್ ಸೀಳಿದ್ದರೆ ಸಾಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಅದು ಸ್ವಲ್ಪ ನೀರನ್ನು ತನ್ನಲ್ಲಿ ಬೆರೆಸಿಕೊಳ್ಳುತ್ತದೆ, ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಿಗೆ ಬೇರ್ಪಟ್ಟು ತಳ ಸೇರುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಮೆಕ್ಯಾನಿಕ್ ಕೈಲಿ ಪೆಟ್ರೋಲ್ ಲೈನಿನಿಂದ ಒಂದು ಗಾಜಿನ ಬಾಟಲಿಗೆ ತೆಗೆಸಿ, ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಎರಡು ಪದರ ಕಾಣುತ್ತದೆ. ನಿಮ್ಮ ಗಾಡಿಗೆ ಇದು ಇರಲಾರದು, ಆದರೂ ತಿಳಿದಿರಲಿ.

ಏರ್ ಫಿಲ್ಟರ್ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ. ಕಾಗದದ ಫಿಲ್ಟರ್ ನೆನೆದು ಮುದ್ದೆಯಾಗಿದ್ದರೆ ಪಿಕಪ್ ಬರುವುದಿಲ್ಲ. ಡಬ್ಬಿಯ ತಳದಲ್ಲಿ ನೀರು ನಿಂತಿದ್ದು, ಇಂಜಿನ್ ಕ್ರ್ಯಾಂಕ್ ಮಾಡಿದಾಗ ಟಕ್ ಎಂದು ನಿಂತರೆ ಮತ್ತೆ ಕೀಲಿ ತಿರುಗಿಸಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಕೌಲ್, ಬೀಡಿಂಗ್, ಕೇಬಲ್, ಕಪ್ಲರ್, ಇದೇ ಕ್ರಮದಲ್ಲಿ ಮಾಡಿಸಿ. ಇಷ್ಟಾಗಿಯೂ ಇಂಜಿನ್ ಲೈಟ್ ಬಂದರೆ ಸ್ಕ್ಯಾನ್ ಮಾಡಿಸಿ ಕೋಡ್ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಓಬಿಡಿ (ಗಾಡಿಯೇ ತನ್ನ ದೋಷ ಪತ್ತೆಹಚ್ಚಿ ಕೋಡ್ ಕೊಡುವ ವ್ಯವಸ್ಥೆ) ಕಡ್ಡಾಯವಾದದ್ದು 2010ರಿಂದ, ಎರಡನೇ ಹಂತ 2013ರಿಂದ. ಹಾಗಾಗಿ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ನಿಮ್ಮ 2005ರ ಗಾಡಿ ಜೊತೆ ಮಾತಾಡದೇ ಇರಬಹುದು, ಆ ಕಂಪನಿಯ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕಾದೀತು. ಪಿ0301ರಿಂದ ಪಿ0304ರ ಒಳಗಿನ ಯಾವುದಾದರೂ ಕೋಡ್ ಬಂದರೆ ಕೊನೆಯ ಅಂಕಿ ಯಾವ ಸಿಲಿಂಡರ್ ಎಂದು ಹೇಳುತ್ತದೆ. ಆ ಸಿಲಿಂಡರಿನ ಕೇಬಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ, ಉದ್ದ ಸಾಕಾದರೆ ಮಾತ್ರ, ಮತ್ತೆ ಓಡಿಸಿ. ಕಾಯಿಲ್ ಕಡೆಯ ತುದಿಗಳು ಆಯಾ ಸಿಲಿಂಡರಿಗೆ ಸೇರಿದ ಜಾಗದಲ್ಲೇ ಇರಬೇಕು, ಬದಲಾಗುವುದು ಕೇಬಲ್ ಅಷ್ಟೇ. ತೊಂದರೆ ಕೇಬಲ್ ಜೊತೆಗೇ ಪಕ್ಕದ ಸಿಲಿಂಡರಿಗೆ ಹೋದರೆ ಕೇಬಲ್ ಬದಲಿಸಿ. ಅಲ್ಲೇ ಉಳಿದರೆ ಆ ಕೋಡ್ ಜೊತೆ ಕಾರಿನ ಮಾಡೆಲ್, ಇಂಜಿನ್ ಸಿಸಿ ಬರೆದು ಕಳಿಸಿ, ಕಾಯಿಲ್ ಮತ್ತು ಇಂಜೆಕ್ಟರ್ ವೈರಿಂಗ್ ಹೇಗೆ ನೋಡುವುದು ಎಂದು ತಿಳಿಸುತ್ತೇನೆ.